ಜೊಲ್ಲು ಸುರಿಸುವವರ ಮನೆ

ನನ್ನ ಮಗಳ ಜೊಲ್ಲಿನ ಬಗ್ಗೆ ಯಾರಾದರೂ ಮೂಗು ಮುರಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗಂತೂ ಹೆಗ್ಗಣದ ಜೊಲ್ಲೂ ಮುದ್ದೇ. ಕೆಳಗಿನ ಎರಡು ಹಲ್ಲು ಒಸಡಿನಲ್ಲಿ ಅಕ್ಕಿನುಚ್ಚಿನ ಹಾಗೆ ಕಾಣಿಸಿಕೊಂಡಾಗ ಶುರುವಾಯಿತು. ಗಲ್ಲ, ಕತ್ತು, ಎದೆ, ಎತ್ತಿಕೊಂಡವರ ಹೆಗಲು, ಯಾವುದೂ ಒಣಗಿರುತ್ತಿರಲಿಲ್ಲ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಊರ ಹೆಂಗಸರ ರವಿಕೆ ಹೊಲಿದು ಉಳಿದ ಲೈನಿಂಗ್ ಬಟ್ಟೆಯಲ್ಲೆಲ್ಲ ಜೊಲ್ಲುಬಟ್ಟೆ ಹೊಲಿದೆ. ಹಿತ್ತಿಲ ತಂತಿಯ ಮೇಲೆ ಅವು ಸಾಲಾಗಿ ಒಣಗುತ್ತಿದ್ದರೆ, ಯಾವ ಬಣ್ಣ ಯಾರ ರವಿಕೆಯದ್ದು ಅಂತ ಬೀದಿಯವರು ಗುರುತು ಹಿಡಿದು ನಗುತ್ತಿದ್ದರು. ‘ನನ್ ಮದುವೆ ರವಿಕೆ ಲೈನಿಂಗು ನಿನ್ ಮಗಳ ಗಲ್ಲದಡಿ ಕುಂತದಲ್ಲ’ ಅಂತ ಪಕ್ಕದ ಮನೆಯವಳು ಅಂದಿದ್ದಳು. ಕೂತರೆ ಕೂರಲಿ ಬಿಡು, ಅಲ್ಲಾದರೂ ಉಪಯೋಗಕ್ಕೆ ಬಂತು ಅಂದೆ.

ನನ್ನ ತವರು ಕೆ.ಆರ್. ನಗರದ ಕಡೆ, ಮಿರ್ಲೆಯ ಹತ್ತಿರದ ಗದ್ದೆ ಬಯಲು. ಕೊಟ್ಟಿದ್ದು ಪಿರಿಯಾಪಟ್ಟಣದ ಈಚೆಯ ಹೊಗೆಸೊಪ್ಪಿನ ಊರಿಗೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನು, ನಮ್ಮೆಜಮಾನರು, ಮಗಳು, ಅತ್ತೆ. ಅತ್ತೆ ಹುಟ್ಟಿದ್ದು ಸರಗೂರಿನ ಆಚೆ, ಕಾಡಂಚಿನ ಊರಿನಲ್ಲಿ. ಮಾತು ಕಮ್ಮಿ, ಕೆಲಸ ಜಾಸ್ತಿ. ಸೊಪ್ಪು ಮುರಿಯುವ ಕಾಲದಲ್ಲಿ ಅವರ ಕೈಗೆ ಕರೀ ಅಂಟು ಮೆತ್ತಿಕೊಂಡಿರುತ್ತಿತ್ತು. ಬೂದಿ ಹಾಕಿ, ಸೋಪು ಹಾಕಿ, ಉಗುರ ಸಂದಿಯನ್ನೆಲ್ಲ ಉಜ್ಜಿ, ಮೂಸಿ ನೋಡಿಕೊಂಡು, ಆಮೇಲೆಯೇ ಮೊಮ್ಮಗಳ ಗಲ್ಲ ಒರೆಸಲು ಕೈ ಚಾಚುತ್ತಿದ್ದರು. ಊಟಕ್ಕೆ ಕೂರುವುದು ಎಲ್ಲರದ್ದೂ ಆದ ಮೇಲೆ. ತಟ್ಟೆಗೆ ಒಂದೇ ಸಲ ಹಾಕಿಕೊಂಡು, ಮುಗಿಸಿ, ಎದ್ದುಬಿಡುತ್ತಿದ್ದರು. ‘ಇನ್ನೊಸಿ ಇಕ್ಲಾ ಅತ್ತೆ?’ ಅಂದರೆ ‘ಸಾಕು ಬುಡು’. ಅಷ್ಟು ವರ್ಷದಲ್ಲಿ ಅವರು ಇನ್ನೊಂದು ಚೂರು ಬೇಕು ಅಂದದ್ದನ್ನು ನಾನು ಕೇಳಿರಲಿಲ್ಲ.

ಮೊದಲ ವರ್ಷ ಅತ್ತೆಗೆ ಆ ಜೊಲ್ಲಿನ ಬಗ್ಗೆ ಹೆಮ್ಮೆಯೇ. ‘ಜೊಲ್ಲು ಸುರಿಸೋ ಕೂಸು ಬೇಗ ಮಾತು ಕಲೀತದೆ ಕಣಮ್ಮಿ’ ಅನ್ನುತ್ತಿದ್ದರು. ಮಾತೇನೋ ಬೇಗ ಬಂತು, ಜೊಲ್ಲು ಹೋಗಲಿಲ್ಲ. ಓರಗೆಯ ಮಕ್ಕಳ ಗಲ್ಲವೆಲ್ಲ ಒಣಗಿ ಎಷ್ಟೋ ದಿನವಾಗಿತ್ತು, ನಮ್ಮವಳು ಮೂರು ದಾಟಿದರೂ ತೊಟ್ಟಿಕ್ಕುತ್ತಲೇ ಇದ್ದಳು. ಗಲ್ಲ ಕೆಂಪಗಾಗಿ, ಕತ್ತಿನ ಮಡಿಕೆಯಲ್ಲಿ ಗುಳ್ಳೆ ಏಳುತ್ತಿದ್ದವು. ಅತ್ತೆ ಕೊಬ್ಬರಿ ಎಣ್ಣೆ ಸವರಿ ‘ಬಾಯಿ ಮುಚ್ಕೊ ಕಂದ’ ಅನ್ನುತ್ತಿದ್ದರು. ಅವಳು ಮುಚ್ಚಿ, ಅರೆಗಳಿಗೆಯಲ್ಲಿ ಮತ್ತೆ ತೆಗೆಯುತ್ತಿದ್ದಳು.

ಆಗ ಅತ್ತೆಯ ವಿಚಾರಣೆ ಶುರುವಾಯಿತು. ನಮ್ಮ ಕಡೆ ಒಂದು ನಂಬಿಕೆ ಇದೆ. ಬಸುರಿಯಾಗಿದ್ದಾಗ ತಾಯಿ ಬಯಸಿದ್ದು ಸಿಗದೆ ಹೋದರೆ, ಆ ಆಸೆ ಮಗುವಿನ ಬಾಯಿಂದ ಜೊಲ್ಲಾಗಿ ಸುರಿಯುತ್ತದಂತೆ. ಅದಕ್ಕೆ ಪರಿಹಾರವೂ ಇದೆ. ಉಳಿದ ಬಯಕೆ ಯಾವುದು ಅಂತ ಪತ್ತೆ ಮಾಡಿ, ಅದನ್ನೇ ತಾಯಿಗೆ ತಿನ್ನಿಸಬೇಕು, ತಿಂದ ಕೈಯಲ್ಲೇ ಅವಳು ಮಗುವಿನ ತುಟಿ ಮುಟ್ಟಬೇಕು. ‘ಏನಮ್ಮಿ ಆಸೆ ಪಟ್ಟಿದ್ದೆ? ಯೇಳು, ನಾಚ್ಕೋಬ್ಯಾಡ’ ಅಂತ ಅತ್ತೆ ಕೇಳಿದಾಗ ನನಗೆ ಮೊದಲು ನಗು ಬಂತು. ಏನೂ ಇಲ್ಲ ಅತ್ತೆ, ಎಲ್ಲ ತಿಂದಿದ್ದೀನಿ ಅಂದೆ. ಅವರು ನಂಬಲಿಲ್ಲ. ರೊಟ್ಟಿ ತಟ್ಟುವಾಗ ಕೇಳಿದರು, ಬಟ್ಟೆ ಒಗೆಯುವಾಗ ಕೇಳಿದರು, ನಾನು ಮಿಷನ್ನು ತುಳಿಯುತ್ತ ರವಿಕೆಗೆ ತೋಳು ಕೂರಿಸುವಾಗ ಬಾಗಿಲಲ್ಲಿ ನಿಂತು ಕೇಳಿದರು.

ಇವಳು ಬಾಯಿ ಬಿಡುವುದಿಲ್ಲ ಅಂತ ಗೊತ್ತಾದ ಮೇಲೆ, ಒಂದೊಂದಾಗಿ ತಿನ್ನಿಸಿಯೇ ಪತ್ತೆ ಮಾಡುವುದು ಅಂತ ತೀರ್ಮಾನಿಸಿದರು. ಹುಣಸೂರಿನ ಸಂತೆಯಿಂದ ತೋತಾಪುರಿ ಮಾವಿನಕಾಯಿ ಬಂತು. ಆಮೇಲೆ ಹಸಿ ಹುಣಸೆ, ಕಜ್ಜಾಯ, ಒಬ್ಬಟ್ಟು, ನಾಟಿಕೋಳಿ ಸಾರು, ಬೇಕರಿಯ ಬೆಣ್ಣೆ ಬಿಸ್ಕತ್ತು. ಪ್ರತಿ ಸಲವೂ ನಾನು ತಿನ್ನಬೇಕು, ಅದೇ ಬೆರಳಲ್ಲಿ ಮಗಳ ತುಟಿ ಮುಟ್ಟಬೇಕು, ಅತ್ತೆ ಬಗ್ಗಿ ಅವಳ ಬಾಯಿ ನೋಡಬೇಕು. ಹುಣಸೆಕಾಯಿಯ ದಿನ ಜೊಲ್ಲು ಧಾರಾಕಾರ ಸುರಿಯಿತು. ಹುಳಿ ಮುಟ್ಟಿಸಿದರೆ ಇನ್ನೇನಾಗುತ್ತೆ? ಅತ್ತೆ ಮಾತ್ರ ‘ಇದೂ ಅಲ್ಲ’ ಅಂತ ತಲೆಯಾಡಿಸಿ ಹೋದರು. ನಮ್ಮೆಜಮಾನರಿಗೆ ಇದೊಂದು ಹಬ್ಬ. ‘ಬಿರಿಯಾನಿ ಮ್ಯಾಲೆ ಆಸೆ ಇತ್ತು ಅನ್ನು’ ಅಂತ ನನ್ನ ಕಿವಿಯಲ್ಲಿ ಹೇಳಿಕೊಟ್ಟರು. ನನ್ನ ರವಿಕೆಗಳ ಹೊಲಿಗೆಯನ್ನು ನಾನೇ ಬಿಚ್ಚಿ ಸಡಿಲ ಮಾಡಿಕೊಳ್ಳುವ ಹಾಗಾಯಿತು.

ಸಿಟ್ಟು ತಡೆಯದೆ ಇದನ್ನೆಲ್ಲ ಫೋನಿನಲ್ಲಿ ನಮ್ಮಮ್ಮನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ, ಚೊಚ್ಚಲ ಬಾಣಂತನ ತವರಿನದಲ್ಲವೇ, ಅಮ್ಮನಿಗೆ ಮಾತು ನೇರ ತಮ್ಮ ಅಡಿಗೆಮನೆಗೇ ಬಂದು ತಾಗಿತು. ಮರುದಿನವೇ ಚೀಲದ ತುಂಬ ಚಕ್ಕುಲಿ, ರವೆಉಂಡೆ ಹೊತ್ತು ಬಸ್ಸಿನಲ್ಲಿ ಬಂದಿಳಿದರು. ಇಬ್ಬರು ಬೀಗಿತ್ತಿಯರೂ ಜಗುಲಿಯ ಮೇಲೆ ಎದುರೆದುರು ಕೂತು ಬಹಳ ಮರ್ಯಾದೆಯಿಂದ ಮಾತಾಡಿದರು. ‘ನಮ್ಮನೇಲಿ ಏನೂ ಕಮ್ಮಿ ಮಾಡ್ಲಿಲ್ಲ ಕಣ್ರೀ’ ಅಂತ ಅಮ್ಮ. ‘ನಾವೂ ಮಾಡ್ಲಿಲ್ಲ ಬೀಗ್ತಿಯೋರೆ’ ಅಂತ ಅತ್ತೆ. ನಡುವೆ ಮಗಳು ಇಬ್ಬರೂ ಅಜ್ಜಿಯರ ಸೀರೆಯ ಮೇಲೆ ಭೇದವಿಲ್ಲದೆ ಸುರಿಸಿದಳು. ಅಮ್ಮ ಹೊರಡುವಾಗ ಅತ್ತೆ ಅವರ ಚೀಲಕ್ಕೆ ಕಜ್ಜಾಯ ತುಂಬಿ ಕಳಿಸಿದರು.

ಈ ಹಟ ಬರೀ ಜೊಲ್ಲಿನದ್ದಲ್ಲ ಅಂತ ನನಗೆ ಗೊತ್ತಾದದ್ದು ಅತ್ತೆಯ ನಾದಿನಿ ಬಂದಾಗ. ನಮ್ಮೆಜಮಾನರ ಸೋದರತ್ತೆ, ಹಂಪಾಪುರದ ಕಡೆಯವರು. ಮಗಳ ಗಲ್ಲ ನೋಡಿ, ಕಾಫಿ ಲೋಟ ಕೆಳಗಿಟ್ಟು, ‘ಅದೇನು ಬಾಯಿ ಚಪಲ ಇಟ್ಕೊಂಡಿದ್ಲೋ ನಿನ್ ಸೊಸೆ’ ಅಂದರು. ನನ್ನ ಬಾಯಿಗೆ ಉತ್ತರ ಬರುವ ಮೊದಲೇ ಅತ್ತೆ ಎದ್ದು ನಿಂತಿದ್ದರು. ‘ನಮ್ ಸೊಸೆ ಚಪಲದೋಳಲ್ಲ. ಆ ಮಾತು ಈ ಮನೇಲಿ ಒಂದ್ಸಲ ಆಡಿದ್ದು ಸಾಕು, ಇನ್ನೊಂದ್ಸಲ ಆಡ್ಬ್ಯಾಡಿ’ ಅಂದರು. ದನಿ ಏರಿಸಲಿಲ್ಲ. ಬಂದವರು ಕೆಳಗಿಟ್ಟ ಕಾಫಿ ಲೋಟ ಮತ್ತೆ ಎತ್ತಿಕೊಂಡರು. ಬಯಕೆ ತೀರಿಸದಿದ್ದರೆ ಮನೆಯವರ ತಪ್ಪು ಅಂತ ಕೆಲವರು, ಸಲ್ಲದ ಆಸೆ ಇಟ್ಟುಕೊಂಡರೆ ಬಸುರಿಯ ತಪ್ಪು ಅಂತ ಕೆಲವರು. ಆ ಎರಡನೇ ಮಾತು ನನ್ನ ತಲೆಯ ಮೇಲೆ ಬೀಳುವ ಮುಂಚೆ ಜೊಲ್ಲು ನಿಲ್ಲಿಸಬೇಕು ಅಂತ ಅತ್ತೆ ಒದ್ದಾಡುತ್ತಿದ್ದರು. ‘ಒಂದ್ಸಲ ಆಡಿದ್ದು’ ಅಂದರೆ ಯಾರಿಗೆ ಆಡಿದ್ದು ಅಂತ ಮಾತ್ರ ನಾನು ಆಗ ಕೇಳಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಅಂಗನವಾಡಿಯಿಂದ ಬಂದ ಮಗಳು, ‘ನನ್ ಪಕ್ಕ ಯಾರೂ ಕೂರಲ್ವಂತೆ, ನಾನು ಒದ್ದೆಯಂತೆ’ ಅಂದಳು. ಅಳಲಿಲ್ಲ, ಸುಮ್ಮನೆ ಸುದ್ದಿ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಜೂನಿನಲ್ಲಿ ಅವಳನ್ನು ಶಾಲೆಯ ವ್ಯಾನು ಹತ್ತಿಸಬೇಕಿತ್ತು. ಅಲ್ಲಿಯೂ ಹೀಗೇ ಅಂದರೆ ಏನು ಗತಿ? ಬಯಕೆಯೂ ಸಾಕು ಕಜ್ಜಾಯವೂ ಸಾಕು, ನಾಳೆ ಡಾಕ್ಟರ ಹತ್ತಿರ ಹೋಗೋಣ ಅಂದೆ. ‘ನಾನೂ ಬತ್ತೀನಿ’ ಅಂದರು ಅತ್ತೆ.

ಹುಣಸೂರಿನಲ್ಲಿ ಒಬ್ಬ ಮಕ್ಕಳ ಡಾಕ್ಟರಮ್ಮ ಇದ್ದರು. ಬಾಯಿ, ಮೂಗು, ಕಿವಿ ಎಲ್ಲ ನೋಡಿದರು. ರಾತ್ರಿ ಗೊರಕೆ ಹೊಡೀತಾಳಾ, ಬಾಯಲ್ಲಿ ಉಸಿರಾಡ್ತಾಳಾ ಅಂತ ಕೇಳಿದರು. ಹೌದು, ಅವರಪ್ಪನ ಹಾಗೆಯೇ ಅಂದೆ. ಒಂದು ಎಕ್ಸ್‌ರೇ ತೆಗೆಸಿ ನೋಡಿ, ನಿಧಾನವಾಗಿ ಬಿಡಿಸಿ ಹೇಳಿದರು. ಹಲ್ಲು ಬರುವ ಕಾಲದಲ್ಲಿ ಎಲ್ಲ ಮಕ್ಕಳ ಬಾಯಲ್ಲೂ ಜೊಲ್ಲು ಹೆಚ್ಚುತ್ತದೆ. ಬೆಳೆಯುತ್ತ ಬೆಳೆಯುತ್ತ, ಯಾರೂ ಹೇಳಿಕೊಡದೆ, ಅದನ್ನು ನುಂಗುವುದು ಕಲಿಯುತ್ತವೆ. ಅನ್ನ ನುಣ್ಣಗಾಗಲು, ಹಲ್ಲು ಹುಳುಕಾಗದಿರಲು ಅದು ಬೇಕೇ ಬೇಕು. ‘ನಿಮ್ಮ ಮಗಳಿಗೆ ಜೊಲ್ಲು ಜಾಸ್ತಿ ಇಲ್ಲ. ಮೂಗಿನ ಹಿಂದೆ ಒಂಚೂರು ಮಾಂಸ ಊದಿಕೊಂಡಿದೆ, ಉಸಿರಿಗೆ ಅಡ್ಡ. ಅದಕ್ಕೆ ಬಾಯಿ ತೆಗೆದೇ ಇರ್ತಾಳೆ. ತೆಗೆದ ಬಾಯಲ್ಲಿ ನುಂಗೋದು ಕಷ್ಟ, ನೀವೇ ಮಾಡಿ ನೋಡಿ’ ಅಂದರು. ನಾನೂ ಅತ್ತೆಯೂ ಅಲ್ಲೇ ಬಾಯಿ ತೆಗೆದು ನುಂಗಲು ನೋಡಿದೆವು. ಆಗಲಿಲ್ಲ. ಮಗಳು ನಮ್ಮಿಬ್ಬರನ್ನೂ ನೋಡಿ ಕೇಕೆ ಹಾಕಿ ನಕ್ಕಳು.

ಮೂಗಿಗೆ ಸ್ಪ್ರೇ ಬರೆದುಕೊಟ್ಟರು. ಪೀಪಿ ಊದಿಸಿ, ಸ್ಟ್ರಾನಲ್ಲಿ ನೀರು ಕುಡಿಸಿ, ‘ಬಾಯಿ ಮುಚ್ಚು’ ಅನ್ನೋ ಬದಲು ‘ನುಂಗು’ ಅನ್ನಿ ಅಂದರು. ಎದ್ದು ಹೊರಡುವಾಗ ಅತ್ತೆ ಸೆರಗು ಹೊದ್ದುಕೊಂಡು, ‘ಡಾಕ್ಟ್ರಮ್ಮ, ಬಸುರೀಲಿ ತಾಯಿ ಬಯಕೆ ತೀರ್ದೇ ಇದ್ರೆ ಇಂಗಾಯ್ತದಾ?’ ಅಂತ ಕೇಳಿದರು. ಡಾಕ್ಟರಮ್ಮ ನಗಲಿಲ್ಲ, ಅದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ. ‘ಇಲ್ಲಮ್ಮ. ಬಯಕೆಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಯಾರ ತಪ್ಪೂ ಅಲ್ಲ’ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತ ಕೂತೆವು. ಮಗಳು ಅಲ್ಲೇ ಕೊಂಡ ಪೀಪಿಯನ್ನು ಊದಿ ಊದಿ ಅಕ್ಕಪಕ್ಕದವರ ತಲೆ ಚಿಟ್ಟು ಹಿಡಿಸುತ್ತಿದ್ದಳು. ಅತ್ತೆ ಸೆರಗಿನಲ್ಲಿ ಅವಳ ಗಲ್ಲ ಒರೆಸಿದರು. ಆಮೇಲೆ ಕೇಳಿದರು: ‘ಯಾರ ತಪ್ಪೂ ಅಲ್ಲ ಅಂದ್ರಲ್ಲ, ಅದು ಈಗಿನ ಮಕ್ಳಿಗೆ ಮಾತ್ರವಾ ಕಣಮ್ಮಿ? ಆವಾಗಿನ ಮಕ್ಳಿಗೂ ಅಂಗೇಯಾ?’

ಆವಾಗಿನ ಯಾವ ಮಗು ಅತ್ತೆ, ಅಂದೆ.

‘ನಿನ್ ಗಂಡ’ ಅಂದರು.

ನಮ್ಮೆಜಮಾನರೂ ಶಾಲೆಗೆ ಸೇರುವವರೆಗೆ ಜೊಲ್ಲು ಸುರಿಸುತ್ತಿದ್ದರಂತೆ. ಅತ್ತೆ ಅವರನ್ನು ಹೊತ್ತಿದ್ದು ಮಳೆಗಾಲದಲ್ಲಿ. ಅದು ಕಳಲೆಯ ಕಾಲ. ಬಿದಿರ ಮೆಳೆಯ ಬುಡದಲ್ಲಿ ಏಳುವ ಎಳೆ ಮೊಳಕೆ ಅದು, ಹೆಚ್ಚಿ ನೀರಲ್ಲಿ ನೆನೆಹಾಕಿ, ಕಹಿ ತೆಗೆದು ಸಾರು ಮಾಡುತ್ತಾರೆ. ತವರಲ್ಲಿ ಮಳೆಗಾಲ ಪೂರ್ತಿ ತಿಂದು ಬೆಳೆದವರು. ಆ ವಾಸನೆ ನೆನೆದರೆ ಬಾಯಲ್ಲಿ ನೀರು ಕಿತ್ತುಕೊಂಡು ಬರುತ್ತಿತ್ತಂತೆ. ಒಂದು ದಿನ ಧೈರ್ಯ ಮಾಡಿ ತಮ್ಮ ಅತ್ತೆಯನ್ನು ಕೇಳಿದರು. ಕಳಲೆ ಉಷ್ಣ, ಬಸುರಿ ತಿನ್ನಬಾರದು, ಆ ನಾತ ನಮ್ಮನೆಯೊಳಗೆ ಬರಕೂಡದು ಅಂದರಂತೆ ಆ ಹಿರಿಯಮ್ಮ. ಅತ್ತೆ ಮತ್ತೆ ಕೇಳಲಿಲ್ಲ. ಮಗ ಹುಟ್ಟಿ ಜೊಲ್ಲು ಸುರಿಸತೊಡಗಿದಾಗ, ಕೊಡದೆ ಇದ್ದವರೇ ಬಂದವರಿಗೆಲ್ಲ ಹೇಳಿದರು: ‘ಇವಳ ಬಾಯಿ ಚಪಲ ನೋಡಿ, ಕೂಸಿನ ಬಾಯಲ್ಲಿ ಸುರೀತಾ ಅದೆ’ ಅಂತ.

‘ನಾನು ಕೇಳ್ದೇ ಇದ್ದಿದ್ರೆ ಮಗ ಚೆಂದಾಗಿರೋನು ಅಂದ್ಕೊಂಡಿದ್ದೆ ಕಣಮ್ಮಿ, ಇಷ್ಟು ವರ್ಷ’ ಅಂದರು ಅತ್ತೆ. ‘ಆಮೇಕೆ ನಾನು ಏನನ್ನೂ ಕೇಳ್ನಿಲ್ಲ. ನಿಂಗೆ ಆ ಮಾತು ಬರ್ಬಾರ್ದು ಅಂತ ಅಷ್ಟು ಪೀಡಿಸ್ದೆ. ತಪ್ಪು ತಿಳೀಬ್ಯಾಡ.’

ನನಗೆ ಅಳು ಬಂತು. ಬಸ್‌ಸ್ಟ್ಯಾಂಡು ಅಂತಲೂ ನೋಡದೆ ಅತ್ತುಬಿಟ್ಟೆ. ಒಂದೇ ಸಲ ಬಡಿಸಿಕೊಂಡು ಎದ್ದುಹೋಗುವ ಆ ತಟ್ಟೆ ಕಣ್ಣ ಮುಂದೆ ಬಂತು. ಸತ್ತು ಸ್ವರ್ಗ ಸೇರಿದ ಆ ಹಿರಿಯಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟೂ ಬಂತು. ಸುಳ್ಳು ಹೇಳುವುದೇಕೆ, ಅವರ ಫೋಟೋಗೆ ಹೂವು ಏರಿಸುವಾಗ ಈಗಲೂ ನಾನು ಒಂದು ಸಲ ದುರುಗುಟ್ಟಿ ನೋಡುತ್ತೇನೆ. ‘ಯಾವ ಕಾಲದ ಮಕ್ಕಳಿಗೂ ಅಷ್ಟೇ ಅತ್ತೆ. ನಿಮ್ಮ ತಪ್ಪಲ್ಲ’ ಅಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ, ಅಷ್ಟರಲ್ಲಿ ಬಸ್ಸು ಬಂತು.

ಸ್ಪ್ರೇ ಕೆಲಸ ಮಾಡಿತು. ಪೀಪಿಯೂ ಮಾಡಿತು, ನಮ್ಮ ಕಿವಿ ಹೋದದ್ದು ಬೇರೆ ಮಾತು. ಅತ್ತೆ ಸೊಪ್ಪಿನ ಹೊಲಕ್ಕೆ ಹೋಗುವ ಮುಂಚೆ ಹರಿದ ಕಾಗದದ ಚೂರುಗಳನ್ನು ಜಗುಲಿಯ ಮೇಲೆ ಹರಡಿ ಮೊಮ್ಮಗಳ ಜೊತೆ ಪಂದ್ಯ ಕಟ್ಟಿ ಊದುತ್ತಿದ್ದರು. ‘ನುಂಗು ಕಂದ’ ಅಂದರೆ ಅವಳು ಗಂಟಲು ತೋರಿಸಿ ಗುಟುಕ್ ಅನ್ನಿಸುತ್ತಿದ್ದಳು. ಶಾಲೆಯ ವ್ಯಾನು ಬರುವ ಹೊತ್ತಿಗೆ ಗಲ್ಲ ಒಣಗಿತ್ತು. ಆಟದ ನಡುವೆ ಮರೆತಾಗ ಒಂದು ಹನಿ ಇಳಿಯುತ್ತಿತ್ತು ಅಷ್ಟೆ. ಅವಳ ಪಕ್ಕ ಕೂರಲು ಇಬ್ಬರು ಜಗಳವಾಡಿದರು ಅಂತ ಮೊದಲ ವಾರವೇ ಸುದ್ದಿ ಬಂತು.

ಜೊಲ್ಲು ನಿಂತಿತು, ನನ್ನ ಮನಸ್ಸು ಮಾತ್ರ ನಿಲ್ಲಲಿಲ್ಲ. ಆಷಾಢದ ಮಳೆ ಹಿಡಿದಾಗ ಸರಗೂರಿನ ಕಡೆಯ ಅತ್ತೆಯ ತಮ್ಮನಿಗೆ ಫೋನ್ ಮಾಡಿದೆ. ಅವರ ಹಿತ್ತಿಲಲ್ಲೇ ಬಿದಿರ ಮೆಳೆ ಇತ್ತು. ವಿಷಯ ಹೇಳಿದೆ. ‘ಅಕ್ಕ ಒಂದು ಮಾತು ಅಂದಿದ್ರೆ ಪ್ರತಿ ವರ್ಷ ತಂದಾಕ್ತಿದ್ದೆ ಕಣವ್ವ’ ಅಂದರು. ಕಳಲೆಯ ಚೀಲ ಬಸ್ಸಿನ ಕಂಡಕ್ಟರ ಕೈಯಲ್ಲಿ ಹುಣಸೂರಿಗೆ ಬಂತು, ನಾನು ಹೋಗಿ ಇಳಿಸಿಕೊಂಡೆ. ಅವರು ಹೇಳಿಕೊಟ್ಟ ಹಾಗೆ ಸಿಪ್ಪೆ ಬಿಡಿಸಿ ಸಣ್ಣಗೆ ಹೆಚ್ಚಿ, ಬಕೆಟ್ಟಿನಲ್ಲಿ ನೆನೆಹಾಕಿ, ಅತ್ತೆಗೆ ಕಾಣದಿರಲಿ ಅಂತ ಹೊಲಿಗೆ ಮಿಷನ್ನಿನ ಕೆಳಗೆ ಇಟ್ಟೆ. ದಿನವೂ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಕಹಿ ಹೋಗುವುದಿಲ್ಲ. ಅಬ್ಬಾ, ಆ ವಾಸನೆ. ರವಿಕೆ ಕೊಡಲು ಬಂದವರು ಅಳತೆ ಕೊಟ್ಟು, ಮೂಗು ಮುಚ್ಚಿಕೊಂಡು ಓಡಿದರು.

ಮರುದಿನ ಬೆಳಿಗ್ಗೆ ನೀರು ಬದಲಾಯಿಸಲು ಬಕೆಟ್ಟು ಎಳೆದೆ. ನೀರು ತಿಳಿಯಾಗಿತ್ತು. ಯಾರೋ ಆಗಲೇ ಚೆಲ್ಲಿ ಹೊಸ ನೀರು ತುಂಬಿಸಿದ್ದರು. ಅದರ ಮಾರನೇ ದಿನವೂ ಹಾಗೇ. ಅತ್ತೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಪಾಡಿಗೆ ಅವರು ಸೊಪ್ಪು ಮುರಿಯಲು ಹೋಗಿ ಬಂದರು.

ಭಾನುವಾರ ಹುರುಳಿಕಾಳು ಬೇಯಿಸಿ, ಕಾಯಿ ಅರೆದು, ಕಳಲೆ ಸಾರು ಮಾಡಿದೆ. ಒಗ್ಗರಣೆ ಚುರ್ ಅಂದಾಗ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬಾಯಲ್ಲಿ ಊರಿದ ನೀರನ್ನು ಅವರು ನುಂಗಿಕೊಂಡದ್ದು ನನಗೆ ಕಂಡಿತು. ಮಗಳಿಗೂ ಕಂಡಿತು. ‘ಅಜ್ಜಿ ಜಾಣೆ, ನುಂಗ್ತು’ ಅಂದಳು. ನಾನು ಮೊದಲ ತಟ್ಟೆ ಅತ್ತೆಗೇ ಹಾಕಿದೆ. ಗಂಡಸು ಉಣ್ಣದೆ ನಾನೆಂಗೆ ಕೂರ್ಲಿ ಅಂತ ಅವರು ರಾಗ ತೆಗೆದರು. ‘ಇವತ್ತು ನಾನು ಇಕ್ತೀನಿ, ನೀವು ಉಣ್ಣಿ. ಎದ್ರೆ ನನ್ನಾಣೆ’ ಅಂದೆ. ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ನಮ್ಮೆಜಮಾನರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟಿ, ಮೈಯೆಲ್ಲ ಬೆವರಾಗಿ ಒಳಗೆ ಬಂದರು. ‘ಬಾ ಇಲ್ಲಿ, ಕುಂತ್ಕೊ’ ಅಂದರು ಅತ್ತೆ. ಅವರು ಕೂತರು. ಅತ್ತೆ ಉಣ್ಣುತ್ತಿದ್ದ ಕೈಯನ್ನೇ ಚಾಚಿ ಮಗನ ತುಟಿ ಮುಟ್ಟಿದರು. ಮೀಸೆಗೆಲ್ಲ ಸಾರು ಮೆತ್ತಿತು. ‘ಏನವ್ವ ಇದು, ನಾನೇನು ಕೂಸಾ?’ ಅಂದರು ಅವರು. ‘ಬಾಯಿ ತಗೀಲಾ’ ಅಂದರು ಅತ್ತೆ. ಬಾಯಿ ತೆಗೆದ ಮಗನಿಗೆ ಒಂದು ತುತ್ತು ಇಟ್ಟು, ‘ಹೂಂ, ನುಂಗು’ ಅಂದರು. ಅವರು ನುಂಗಿ, ‘ಒಸಿ ಕಹಿ ಅದೆ’ ಅಂದರು. ಮಗಳು ಓಡಿಹೋಗಿ ಮೂಲೆ ಸೇರಿದ್ದ ತನ್ನ ಜೊಲ್ಲುಬಟ್ಟೆ ಹುಡುಕಿ ತಂದು ಅಪ್ಪನ ಮೀಸೆ ಒರೆಸಿದಳು.

ಡಾಕ್ಟರಮ್ಮ ಹೇಳಿದ್ದನ್ನು ಅತ್ತೆ ಮರೆತಿರಲಿಲ್ಲ, ಮನಸ್ಸಿಗೆ ಇದೂ ಆಗಬೇಕಿತ್ತು. ತಟ್ಟೆಯಲ್ಲಿದ್ದುದನ್ನು ಬೆರಳಲ್ಲಿ ಬಳಿದು ಮುಗಿಸಿದರು. ಎಂದಿನ ಹಾಗೆ ಎದ್ದುಬಿಡುತ್ತಾರೆ ಅಂದುಕೊಂಡೆ. ಅವರು ಏಳಲಿಲ್ಲ. ನನ್ನ ಮುಖ ನೋಡದೆ ತಟ್ಟೆಯನ್ನು ನನ್ನ ಕಡೆ ಚೂರು ಸರಿಸಿ, ಮೆಲ್ಲಗೆ ಅಂದರು:

‘ಇನ್ನೊಸಿ ಇಕ್ಕು ಕಣಮ್ಮಿ.’